ತವರಿನಲ್ಲಿ ಮಾತ್ರ ಆರುವ ದೀಪ

ಗಾಳಿ ತುಂಬಿಸುವ ಪಂಪಿನ ಬಳಿ ಕೆಂಪು ಕಾರೊಂದು ಅಲುಗಾಡದೆ ನಿಂತಿತ್ತು. ಅದರ ಹಿಂದೆ ಸ್ಕೂಟರ್ ಹಿಡಿದು ನಿಂತ ಬಡಗಿಗೆ ತಾಳ್ಮೆ ಕೆಡುತ್ತಿತ್ತು. ಕಾರಿನ ಪಕ್ಕ ನಿಂತಿದ್ದ ಗಂಡ ಹೆಂಡತಿ ಮಾತು ಮುಗಿಸುವ ಲಕ್ಷಣವೇ ಇರಲಿಲ್ಲ.

“ನಾಲ್ಕು ಟೈರಲ್ಲೂ ಗಾಳಿ ಸರಿಯಾಗಿದೆ. ಆದ್ರೂ ಈ ಹಾಳಾದ್ ವಾರ್ನಿಂಗ್ ಲೈಟು ಆರ್ತಿಲ್ಲ!”

“ನಮ್ಮಮ್ಮನ ಮನೆ ಅಂಗಳಕ್ಕೆ ಹೋದ್ರೆ ಆರುತ್ತಲ್ಲ ರೀ. ಕಾರಿಗೂ ಅಲ್ಲೇ ನೆಮ್ಮದಿ.”

“ತಲೆ ತಿನ್ಬೇಡ. ಸ್ಟೆಪ್ನಿಲೂ ಸೆನ್ಸರ್ ಇರುತ್ತಂತೆ. ಅದನ್ನೂ ನೋಡ್ಬಿಡ್ತೀನಿ, ಆ ಕಡೆ ಸರಿ.”

ಹೆಂಡತಿ ಡಿಕ್ಕಿಗೆ ಬೆನ್ನು ಕೊಟ್ಟು ನಿಂತಳು.

“ಈಗ ಬೇಡ ರೀ. ಪಾಪ, ಹಿಂದೆ ಅವರು ಕಾಯ್ತಿದಾರೆ.”

“ನನಗೇನೂ ಅವಸರ ಇಲ್ಲಮ್ಮ,” ಎಂದ ಬಡಗಿ, ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತ.

ಡಿಕ್ಕಿ ತೆರೆಯಿತು.

“ಸ್ಟೆಪ್ನಿ ಎಲ್ಲೇ?”

“ಅಮ್ಮನ ಹೊಲಿಗೆ ಮಿಷನ್ ತಂದ್ವಲ್ಲ, ಆವಾಗ ಜಾಗ ಸಾಲ್ಲಿಲ್ಲ. ಅಪ್ಪ ಸ್ಟೆಪ್ನೀನ ಅಂಗಳದಲ್ಲೇ ಇಳಿಸ್ಕೊಂಡ್ರು.”

“ಅದಕ್ಕೇ ಅಲ್ಲಿಗೆ ಹೋಗಿ ಅದರ ಸೆನ್ಸರ್ ಹತ್ತಿರ ನಿಂತಾಗ ಮಾತ್ರ ಲೈಟ್ ಆರೋದು! ಆದ್ರೆ ಅಂಗಳದಲ್ಲಿ ನನ್ನ ಕಣ್ಣಿಗೆ ಬೀಳಲೇ ಇಲ್ವಲ್ಲೇ?”

“ಕಣ್ಣಿಗೆ ಹೇಗೆ ಬೀಳುತ್ತೆ? ಅದರ ಮೇಲೆ ಕೂತಿದ್ರಿ.”

“ಆ ಹೂವಿನ ಬಟ್ಟೆಯ ಸ್ಟೂಲಾ?”

“ಮೆತ್ತಗಿದೆ, ನಮ್ಮನೆಗೂ ಒಂದು ಬೇಕು ಅಂದ್ರಿ. ಆ ಕವರ್ ಹೊಲಿದದ್ದು ನಾನೇ.”

ಬಡಗಿ ಕೆಮ್ಮು ಬಂದವನಂತೆ ಆ ಕಡೆ ತಿರುಗಿದ. ಗಂಡ ದಡಾರನೆ ಡಿಕ್ಕಿ ಮುಚ್ಚಿ ಸ್ಟೀರಿಂಗ್ ಹಿಡಿದು ಕೂತ.

“ಕಾರು ಹತ್ತು. ಈಗ್ಲೇ ಹೋಗಿ ತರೋಣ.”

“ತರೋಣ ರೀ,” ಎನ್ನುತ್ತ ಅವಳು ಬಾಗಿಲು ಎಳೆದುಕೊಂಡಳು. “ಆದ್ರೆ ದಿನವಿಡೀ ಆ ಸ್ಟೂಲ್ ಮೇಲೇ ಕೂರೋ ಅಪ್ಪನ್ನ ಎಬ್ಬಿಸೋರು ನೀವೇ.”