ಹನುಮವ್ವನಿಗೆ ಬಾರದ ಬ್ಯಾನಿ

ಅಧ್ಯಕ್ಷರಾದ ಲೋಕಪ್ಪನವರೇ, ಫೋಂಡಾದಿಂದ ಬಂದ ಅತಿಥಿಗಳೇ, ಸಾಂಕೋಲೆ ಕನ್ನಡ ಸಂಘದ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತ ನಮ್ಮ ಚಾಳಿನ ಅತ್ತಿಯರೇ, ಎಷ್ಟು ಕರೆದರೂ ಬಾಗಿಲ ಹತ್ತಿರವೇ ಕುಳಿತ ನಮ್ಮವ್ವ ಹನುಮವ್ವ, ಸಭಿಕರೇ,

ಏಳು ತಿಂಗಳ ಬಸುರಿ, ಕುಳಿತೇ ಮಾತಾಡಲಿ ಎಂದು ಅಧ್ಯಕ್ಷರು ಕುರ್ಚಿ ಹಾಕಿಸಿದ್ದಾರೆ. ಅವರ ಕಾಳಜಿ ದೊಡ್ಡದು. ಆದರೆ ನಾನು ಕಾಂಕ್ರೀಟ್ ಬುಟ್ಟಿ ಹೊತ್ತವಳ ಮಗಳು, ನಿಂತೇ ಮಾತಾಡುತ್ತೇನೆ.

ನನಗೆ ಡಾಕ್ಟರೇಟ್ ಬಂದದ್ದಕ್ಕೆ ಈ ರಾಜ್ಯೋತ್ಸವದಲ್ಲಿ ಸನ್ಮಾನ. ಆಹ್ವಾನ ಪತ್ರಿಕೆಯಲ್ಲಿ ‘ನರಗಳ ಬಗ್ಗೆ ಸಂಶೋಧನೆ’ ಎಂದಷ್ಟೇ ಇದೆ. ಯಾವ ನರ, ಎಲ್ಲಿಯ ನರ? ಕಾರ್ಯದರ್ಶಿ ಅಮೀನಪ್ಪನವರನ್ನು ಕೇಳಿದೆ. "ಗರ್ಭಕೋಶ ಅಂತ ಹೆಂಗ ಹಾಕೂದ್ರಿ ಮೇಡಂ? ಸಭಾದಾಗ ಹೆಣ್ಮಕ್ಕಳು ಇರ್ತಾರ!" ಅಂದರು. ನಗಬೇಡಿ, ಪಾಪ, ಅವರ ಸಂಕೋಚ ಅವರಿಗೆ.

ನಾನೇ ಹೇಳುತ್ತೇನೆ. ಗರ್ಭಕೋಶಕ್ಕೂ ನರಗಳಿವೆ. ನೋವಿನ ಸುದ್ದಿಯನ್ನು, ಹೆರಿಗೆಯ ಬ್ಯಾನಿಯ ಸುದ್ದಿಯನ್ನೂ, ಮೆದುಳಿಗೆ ಮುಟ್ಟಿಸುವುದು ಅವೇ. ನಾನು ಇಲಿಗಳಲ್ಲಿ ನೋಡಿದೆ. ದಿನ ತುಂಬುತ್ತಾ ಬಂದಂತೆ ಗರ್ಭಕೋಶದ ಗೋಡೆಯಲ್ಲಿ ಈ ನರಗಳು ವಿರಳವಾಗುತ್ತವೆ. ಬಾಯಿಯ ಹತ್ತಿರದವು ಮಾತ್ರ ಬಹುಮಟ್ಟಿಗೆ ಉಳಿಯುತ್ತವೆ. ಹೆರಿಗೆಯಾದ ಮೇಲೆ ಹೋದವು ಮತ್ತೆ ಚಿಗುರುತ್ತವೆ. ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಇದನ್ನು ಕಂಡ ದಿನ ನನ್ನ ಮಾರ್ಗದರ್ಶಕರು ಶಭಾಷ್ ಅಂದರು. ನಾನು ಹೊರಗೆ ಹೋಗಿ ಅತ್ತೆ.

ಯಾಕೆ ಅತ್ತೆ? ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಆದರೆ ಮೈಕು ಕೈಯಲ್ಲಿದೆ.

ಎಂಬತ್ತೊಂದರಲ್ಲಿ ಇಲ್ಲೇ ಹತ್ತಿರ ಒಂದು ಕಾರ್ಖಾನೆಯ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುತ್ತಿದ್ದರು. ಅಲ್ಲಿ ಬುಟ್ಟಿ ಹೊರುತ್ತಿದ್ದ ನಮ್ಮವ್ವನಿಗೆ ದಿನ ತುಂಬಿತ್ತು. ನಾನು ಶಾಲೆ ಬಿಟ್ಟು ಅಲ್ಲಿಗೇ ಹೋಗಿದ್ದೆ. "ಅವ್ವಾ, ಬ್ಯಾನಿ ಬಂದಾವೇನ?" ಅಂತ ಕೇಳಿದೆ. "ಇಲ್ಲವಾ, ಹೊಟ್ಟಿ ಸ್ವಲ್ಪ ಬಿಗಿ ಆಗೇತಿ, ಅಷ್ಟ" ಅಂದಳು. ಸ್ವಲ್ಪ ಹೊತ್ತಿನಲ್ಲೇ ಸಿಮೆಂಟ್ ಚೀಲಗಳ ಮರೆಯಲ್ಲಿ ನನ್ನ ತಮ್ಮ ಹುಟ್ಟಿದ. ಆಸ್ಪತ್ರೆಗೆ ಒಯ್ಯಲು ಗಾಡಿ ಬರುವುದರೊಳಗೆ ತೀರಿಹೋದ.

ಚಾಳಿನಲ್ಲಿ ಏನು ಮಾತಾಯಿತು? "ಬ್ಯಾನಿ ಗೊತ್ತಾಗಲಿಲ್ಲಂತ! ಯಾವ ಹೆಣ್ಣಿಗೆ ಗೊತ್ತಾಗೂದಿಲ್ಲ ಅದು? ಕೆಲಸ ತಪ್ಪೀತಂತ ಮುಚ್ಚಿಟ್ಲು, ಕೂಸನ್ನ ತಿಂದ್ಲು." ಅಂದಿನಿಂದ ಯಾರ ಸೀಮಂತದ ಕುಬಸದಲ್ಲೂ ನಮ್ಮವ್ವನಿಂದ ಬಸುರಿಯ ಉಡಿ ತುಂಬಿಸಲಿಲ್ಲ. ಆದರೆ ಅಡುಗೆಗೆ ತಪ್ಪದೆ ಕರೆದರು. ಆಕೆಯ ಹೋಳಿಗೆ ಹದ ಯಾರಿಗೂ ಬರುವುದಿಲ್ಲ ನೋಡಿ! ಆ ಕೈ ಹೋಳಿಗೆಗೆ ನಡೆಯಿತು, ಉಡಿಗೆ ನಡೆಯಲಿಲ್ಲ. ಒಳಗೆ ಆರತಿ ಹಾಡು, ಹಿತ್ತಲಲ್ಲಿ ನಮ್ಮವ್ವ. ನನಗೆ ಈಗಲೂ ಸಿಟ್ಟು ಬರುತ್ತದೆ ಸ್ವಾಮಿ, ಬರಬಾರದೇ?

ಹಾಗಾದರೆ ಇಲಿಗಳು ನಮ್ಮವ್ವನ ಪರ ಸಾಕ್ಷಿ ಹೇಳಿದವೇ? ಹಾಗೆಂದು ಈ ವೇದಿಕೆಯಿಂದ ಹೇಳಬೇಕೆಂದು ಎಷ್ಟು ವರ್ಷ ಆಸೆಪಟ್ಟೆ! ಆದರೆ ಓದಿದವಳು ಸುಳ್ಳು ಹೇಳಬಾರದು. ನರ ಕಡಿಮೆಯಾದರೂ ಹೆಚ್ಚಿನವರಿಗೆ ಬ್ಯಾನಿ ಬಂದೇ ಬರುತ್ತದೆ. ಅವತ್ತು ನಮ್ಮವ್ವನ ಹೊಟ್ಟೆಯೊಳಗೆ ಏನಾಯಿತೆಂದು ಯಾವ ಇಲಿಯೂ ಹೇಳಲಾರದು. ಹೇಳಬಲ್ಲವಳು ಒಬ್ಬಳೇ ಇದ್ದಳು. ಅವಳು ಹೇಳಿದಳು, ಯಾರೂ ಕೇಳಲಿಲ್ಲ. ಒಂದು ಇಲಿಯ ಮಾತು ನಂಬಿ ವಿಶ್ವವಿದ್ಯಾಲಯ ನನಗೆ ಪದವಿ ಕೊಟ್ಟಿತು. ನಮ್ಮವ್ವನ ಮಾತಿಗೆ ಅಷ್ಟೂ ಬೆಲೆ ಇಲ್ಲವೇ?

ನಾನು ನಂಬೇನ್ರಿ. ಒಂಬತ್ತು ವರ್ಷದ ಹುಡುಗಿ ಇದ್ದಾಗೂ ನಂಬಿದ್ದೆ, ಡಾಕ್ಟರೇಟ್ ಆದ ಮ್ಯಾಲೂ ನಂಬೇನಿ. ನಮ್ಮವ್ವಗ ಅವತ್ತು ಬ್ಯಾನಿ ಬರಲಿಲ್ಲ. ಖರೇನ ಬರಲಿಲ್ಲ.

ಬರುವ ಶುಕ್ರವಾರ ಇದೇ ಸಭಾಗೃಹದಲ್ಲಿ ನನ್ನ ಕುಬಸ. ಚಾಳಿನ ಯಾವ ಕುಬಸವೂ ಭಾಗವ್ವ ಅತ್ತಿ ಮೊದಲು ಉಡಿ ತುಂಬದೆ ನಡೆದಿಲ್ಲ. ಅತ್ತಿ, ತಲಿ ಎತ್ರಿ, ನಿಮಗ ಬ್ಯಾಡ ಅನ್ನಾಕತ್ತಿಲ್ಲ. ತಪ್ಪದ ಬರ್ರಿ, ಉಡಿ ತುಂಬ್ರಿ. ಆದ್ರ ನಮ್ಮವ್ವನ ನಂತರ. ಅವತ್ತಿನ ಅಡಿಗಿ ಹೊರಗಿನವರಿಗೆ ಹೇಳೇವಿ, ಹೋಳಿಗಿ ಅಷ್ಟು ಚಲೋ ಆಗಲಿಕ್ಕಿಲ್ಲ, ತಡಕೋರಿ.

ಶಾಲು ಹೊದಿಸಿದ ಕೈಗಳಿಗೆ, ಕುರ್ಚಿ ಹಾಕಿಸಿದ ಅಧ್ಯಕ್ಷರಿಗೆ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆ. ಅವ್ವಾ, ಶುಕ್ರವಾರ ಹಿತ್ತಲಕಡೆ ಹೋಗಬ್ಯಾಡ, ನನ್ನ ಎದುರಿಗೆ ಬಂದು ಕೂಡು. ನಮಸ್ಕಾರ.