ದೋಣಿಯವನಿಗೆ ದಾಲಾನ್ ಹಾಡಿದ ಪ್ರಶ್ನೆ

ಬೆಟ್ಟಕ್ಕೂ ಹೊಳೆಗೂ ಮದುವೆ ಆದ್ರೆ ನೆಂಟರು ಊಟಕ್ಕೆ ಯಾರ ಮನೆಗೆ ಹೋಗ್ಬೇಕು? ಹೇಳಿ ನೋಡೋಣ. ಗೊತ್ತಿಲ್ವಾ? ನಂಗೂ ಗೊತ್ತಿಲ್ಲ. ಸುಮ್ನೆ ಕೂತು ಕೇಳಿ.

ಎಲ್ಲೋ ದೂರದಲ್ಲಿ, ಬೆಟ್ಟಗಳೆಲ್ಲ ಬಾಳೆಮೊಗ್ಗಿನ ಹಾಗೆ ನೆಟ್ಟಗೆ ನಿಂತ ಒಂದು ನಾಡು. ಅಲ್ಲಿ ಜುವಾಂಗ್ ಅನ್ನೋ ಜನ. ಅವರಲ್ಲಿ ಹುಡುಗಿ ಈ ದಡದಿಂದ ಹಾಡಲ್ಲೇ ಪ್ರಶ್ನೆ ಹಾಕ್ತಾಳೆ, ಹುಡುಗ ಆ ದಡದಿಂದ ಹಾಡಲ್ಲೇ ಉತ್ತರ ಕೊಡ್ತಾನೆ. ಉತ್ತರ ಆ ಗಳಿಗೇಲೇ ಕಟ್ಟಿದ್ದಾಗಿರಬೇಕು, ಹಳೇದು ನಡೆಯಲ್ಲ. ಮೆಚ್ಚಿದರೆ ಅವಳು ಕಸೂತಿ ಹಾಕಿದ ಚೆಂಡು ಎಸೀತಾಳೆ. ಅವನೂ ಮೆಚ್ಚಿದರೆ ಚೆಂಡಿಗೆ ತನ್ನದೇನಾದ್ರೂ ಕಟ್ಟಿ ವಾಪಸ್ ಎಸೀತಾನೆ. ಮುಗೀತು, ಗಟ್ಟಿಮೇಳ!

ಹಿಂದೆ ಒಬ್ಬಳು ನಾನೀಗ ಕೇಳಿದ ಪ್ರಶ್ನೇನೇ ಹಾಡಿದ್ಲಂತೆ. ಯಾರಿಗೂ ಉತ್ತರ ಹೊಳೀಲಿಲ್ಲ. ಕಾದಳು, ಕಾದಳು, ಕಾದಳು, ಕಲ್ಲಾದಳು. ಹೊಳೆಯ ತಿರುವಲ್ಲಿರೋ ಬೆಟ್ಟ ಅವಳೇ.

ಕಲ್ಲಿಗೂ ಟಿಕೆಟ್ ಇಡಬಹುದು ಅಂತ ಒಂದು ಕಂಪನಿಯೋರಿಗೆ ತೋಚಿತು ನೋಡಿ! ಪ್ರವಾಸಿಗರನ್ನ ದೋಣೀಲಿ ಕರ್ಕೊಂಡು ಬಂದ್ರು. ದಾಲಾನ್ ಅನ್ನೋ ಹುಡುಗಿಗೆ ಬೆಳ್ಳಿ ಒಡವೆ ತೊಡಿಸಿ ಬೆಟ್ಟದ ಬುಡದಲ್ಲಿ ನಿಲ್ಲಿಸಿದ್ರು. ದಿನಾ ಅದೇ ಪ್ರಶ್ನೆ ಹಾಡ್ಬೇಕು. ಉತ್ತರ ಯಾರು ಕೊಡೋದು? ಬಂಡೆ ಹಿಂದಿನ ಸ್ಪೀಕರ್! "ಹೊಳೆ ಮನೇಲಿ ಮೀನು ತಿನ್ನಿ, ಬೆಟ್ಟದ ಮನೇಲಿ ಅಣಬೆ ತಿನ್ನಿ." ಇದೂ ಒಂದು ಉತ್ತರಾನಾ? ಆಮೇಲೆ ಚೆಂಡು ಯಾವನೋ ಪ್ರವಾಸಿಯ ಮಡಿಲಿಗೆ.

ಅವಳ ಕಣ್ಣು ಮಾತ್ರ ದೋಣಿ ನಡೆಸೋ ಫೂಕ್ ಮೇಲೆ. ಅವನ ಕಣ್ಣೂ ಇವಳ ಮೇಲೇ. ಆದ್ರೆ ಆಸಾಮಿ ಮಹಾ ನಿಧಾನ. ಅವನು ಉಸಿರು ಎಳ್ಕೊಳ್ಳೋದರೊಳಗೆ ಸ್ಪೀಕರ್ ಹಾಡಿ ಮುಗಿಸಿರ್ತಿತ್ತು. ಒಂದು ವರ್ಷ ಹೀಗೆ, ಎರಡು ವರ್ಷ ಹೀಗೆ, ಮೂರು ವರ್ಷ ಹೀಗೆ.

ಒಂದಿನ ಮ್ಯಾನೇಜರ್ ಬಂದ. "ನಾಳೆಯಿಂದ ನೀನು ಬರೋದು ಬೇಡಮ್ಮ. ದೀಪ ಹೊತ್ತಿಕೊಂಡು ತಾನೇ ಹಾಡೋ ಗೊಂಬೆ ತರಿಸಿದ್ದೀವಿ. ಅದಕ್ಕೆ ಕೆಮ್ಮು ಬರಲ್ಲ, ನೆಗಡಿ ಆಗಲ್ಲ."

ಅವತ್ತು ಮೊದಲನೇ ದೋಣಿ ಬಂತು, ಫೂಕ್ ಇರಲಿಲ್ಲ. ಎರಡನೇದು ಬಂತು, ಇರಲಿಲ್ಲ. ಮೂರನೇದು ಬಂತು, ಇದ್ದ! ದಾಲಾನ್ ಪ್ರಶ್ನೇನೇ ಬದಲಾಯಿಸಿಬಿಟ್ಳು.

"ದಿನಾ ನನ್ನ ದಾಟಿ ಹೋಗೋನೇ, ನಿನ್ನ ದೋಣೀಲಿ ಒಬ್ಬಳಿಗೆ ಜಾಗ ಇದೆಯೇನೋ?"

"ಹೊಳೆ ಮನೇಲಿ ಮೀನು ತಿನ್ನಿ," ಅಂತು ಸ್ಪೀಕರ್. ಪ್ರವಾಸಿಗರು ಚಪ್ಪಾಳೆ ತಟ್ಟಿದ್ರು!

ಫೂಕ್ ಹುಟ್ಟು ಹಾಕೋದು ನಿಲ್ಲಿಸಿದ. ದೋಣಿ ತೇಲ್ತಾ ತೇಲ್ತಾ ತಿರುವಿನ ಕಡೆ ಹೊರಟಿತು.

"ಅಣ್ಣಾ, ದೋಣಿ ಅಡ್ಡಡ್ಡ ಹೋಗ್ತಿದೆ!" ಅಂತ ಒಬ್ಬ ಹೆಂಗಸು ಕೂಗಿದ್ಲು.

"ಹೋಗ್ಲಿ ತಾಯಿ, ಒಂಚೂರು ಸುಮ್ನಿರಿ. ಯೋಚನೆ ಮಾಡ್ತಿದ್ದೀನಿ."

ಆಮೇಲೆ ಒಡಕು ದನೀಲಿ ಹಾಡಿದ:

"ಜಾಗ ಇದೆ ಕಣೇ, ದೋಣಿ ಸೋರ್ತದೆ. ನೀರು ಮೊಗೆಯೋಕೆ ಇನ್ನೊಂದು ಜೊತೆ ಕೈ ಬೇಕು."

ಚೆಂಡು ಹಾರಿ ಬಂತು. ಫೂಕ್ ಕೊರಳಲ್ಲಿದ್ದ ಟವೆಲ್ ಅದಕ್ಕೆ ಕಟ್ಟಿ ತಿರುಗಿ ಎಸೆದ. ಅವರ ದೋಣಿ ಆ ಕಡೆ, ನನ್ನ ಕಥೆ ಈ ಕಡೆ.

ಹಾಂ, ಏಳಬೇಡಿ. ಈ ಕೊನೆ ನಾನೇ ಕಟ್ಟಿದ್ದು. ನಾನು ಕೇಳಿದ ಕಥೇಲಿ ಫೂಕ್ ಬಾಯಿ ತೆರೆಯೋದರೊಳಗೆ ದೋಣಿ ತಿರುವು ದಾಟಿತ್ತು. ಅಲ್ಲಿಂದ ಅವನು ಹಾಡಿದ್ನೋ ಇಲ್ವೋ, ದಾಲಾನ್‌ಗೆ ಕೇಳಿಸಲಿಲ್ಲ. ಅದನ್ನ ಹೇಳೋಕೆ ನಂಗೆ ಬಾಯಿ ಬರಲಿಲ್ಲ.