ಮೂರು ವರ್ಷ ನಾನು ಬರೆದ ಸೊನ್ನೆ

ವೇದಿಕೆಯ ಮೇಲಿರುವ ಮುಖ್ಯಸ್ಥರೇ, ನನ್ನ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕೂತಿರುವ ಅಕ್ಕನ ಯಜಮಾನರೇ, ಅವರ ಮಗಳೇ — ಆಮೇಲೆ, ಕುರ್ಚಿ ಸಾಲದೆ ನೆಲದ ಮೇಲೆ ಕೂತಿರುವ ಮಕ್ಕಳೇ. ನಿಮ್ಮನ್ನು ಕೊನೆಗೆ ಹೇಳಿದೆ, ಕ್ಷಮಿಸಿ. ಈ ಗ್ರಂಥಾಲಯದಲ್ಲಿ ಅದೇ ಅಭ್ಯಾಸ. ಎಲ್ಲರಿಗೂ ನಮಸ್ಕಾರ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಮ್ಮ ಜೊತೆ ಕೆಲಸ ಮಾಡಿ, ಈಗ ತೀರಿಕೊಂಡ ಅಕ್ಕನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಅಂದಿದ್ದಾರೆ. ಆಡುತ್ತೇನೆ. ಅದಕ್ಕೆ ಮೊದಲು ಒಂದು ತಿದ್ದುಪಡಿ. ಈಗಷ್ಟೇ ಮುಖ್ಯಸ್ಥರು, "ಅವರು ಪುಸ್ತಕಗಳನ್ನು ಪ್ರಾಣದ ಹಾಗೆ ಕಾಪಾಡಿದರು" ಅಂದರು. ಇಲ್ಲ ಸಾರ್. ಕಾಪಾಡಿದವರು ನೀವು. ಅಕ್ಕ ಪುಸ್ತಕ ಕೊಟ್ಟರು. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಈ ಕಪಾಟು ನೋಡಿ. ಅಕ್ಕನ ಫೋಟೋ ಒರಗಿಸಿ ಇಟ್ಟಿದ್ದೀವಲ್ಲ, ಇದೇ. ಮೂರು ವರ್ಷಕ್ಕೂ ಹಿಂದೆ ನಮ್ಮಲ್ಲಿಗೆ ಮಕ್ಕಳ ಹೊಸ ಪುಸ್ತಕ ಬಂದವು. ನಲವತ್ತೆರಡು. ಅದುವರೆಗೆ ಮಕ್ಕಳ ವಿಭಾಗದಲ್ಲಿ ಏನಿತ್ತು? ಕೊನೆಯ ಹಾಳೆ ಹರಿದುಹೋದ ಕಥೆಗಳು. ಕಳ್ಳ ಸಿಕ್ಕಿದನೋ ಇಲ್ಲವೋ, ತಪ್ಪಿಸಿಕೊಂಡ ನಾಯಿಮರಿ ಮನೆಗೆ ಬಂತೋ ಇಲ್ಲವೋ — ಈ ಬೀದಿಯಲ್ಲಿ ಬೆಳೆದ ಯಾರಿಗೂ ಇವತ್ತಿಗೂ ಗೊತ್ತಿಲ್ಲ. ನಗಿ, ಪರವಾಗಿಲ್ಲ. ಅಕ್ಕನೂ ನಗುತ್ತಿದ್ದರು.

ಪೆಟ್ಟಿಗೆ ಬಿಚ್ಚಿದ ದಿನ ಅಕ್ಕ ಒಂದೊಂದೇ ಪುಸ್ತಕವನ್ನು ಹೀಗೆ — ಮುಖದ ಹತ್ತಿರ ತಂದು ಮೂಸಿದರು. "ನೋಡೋ ಇಲ್ಲಿ, ಹಾಳೆಗಳು ಇನ್ನೂ ಅಂಟ್ಕೊಂಡಿವೆ! ಇದನ್ನ ಮೊದಲು ಬಿಡಿಸೋ ಪುಣ್ಯ ಯಾವ ಮಗೂಗಿದೆಯೋ" ಅಂದರು. ಯಾವ ಮಗುವಿಗೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆದೇಶ ಬಂತು. ತಪಾಸಣೆಯವರು ಬರುತ್ತಾರೆ, ಅಲ್ಲಿಯವರೆಗೆ ಹೊಸ ಪುಸ್ತಕ ಯಾರಿಗೂ ಎರವಲು ಕೊಡಕೂಡದು. ಮಕ್ಕಳ ಕೈಗೆ ಕೊಟ್ಟರೆ ಹೊಸದಾಗಿ ಉಳಿಯುತ್ತದೆಯೇ? ಕಪಾಟಿಗೆ ಬೀಗ. ಬೀಗದ ಕೈ ಮುಖ್ಯಸ್ಥರ ಡ್ರಾಯರಿನಲ್ಲಿ. ತಪಾಸಣೆಯವರು — ಇನ್ನೂ ಬರುತ್ತಲೇ ಇದ್ದಾರೆ.

ಮಕ್ಕಳು ಬಂದು ಕಪಾಟಿನ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಸಂಜೆ ಆ ಮೂಗಿನ ಗುರುತು ಒರೆಸುವುದು ಅಕ್ಕನ ಕೆಲಸ. ಒಂದು ವಾರ ಒರೆಸಿದರು. ಎರಡನೇ ವಾರ ಮುಖ್ಯಸ್ಥರ ಕೋಣೆಗೆ ಹೋಗಿ, "ಸಾರ್, ಒಳಗೆಲ್ಲ ಧೂಳು ಕೂತಿದೆ, ಬೀಗದ ಕೈ ಕೊಡಿ" ಅಂದರು. ಆಮೇಲೆ ಪ್ರತಿ ಮಂಗಳವಾರ ಧೂಳು. ಪ್ರತಿ ಶುಕ್ರವಾರ ಧೂಳು. ಮುಚ್ಚಿದ ಗಾಜಿನ ಒಳಗೆ ಅಷ್ಟು ಧೂಳು ಎಲ್ಲಿಂದ ಬಂತು ಅಂತ ನೀವು ಒಂದು ದಿನವೂ ಕೇಳಲಿಲ್ಲ ಸಾರ್.

ಒರೆಸುವ ನೆಪದಲ್ಲಿ ಪುಸ್ತಕ ಹೊರಗೆ. ಸೈಕಲ್ ನಿಲ್ಲಿಸುವ ಕಡೆಗಿರುವ ಆ ಕಿಟಕಿಯಿಂದ ಮಕ್ಕಳ ಕೈಗೆ. ಮುಂದಿನ ಧೂಳಿನ ದಿನ ವಾಪಸ್ಸು. ಅದಕ್ಕೇ ಮಕ್ಕಳು ಅವರನ್ನು ಕಿಟಕಿ ಅಕ್ಕ ಅಂತ ಕರೆದದ್ದು. ಅವರ ಯಜಮಾನರು — ದರ್ಜಿ, ನಿಮಗೆಲ್ಲ ಗೊತ್ತು — ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಯಲ್ಲಿ ಒಂದೊಂದು ಪುಸ್ತಕಕ್ಕೂ ಅಳತೆ ತೆಗೆದು ಅಂಗಿ ಹೊಲಿದುಕೊಟ್ಟರು. ಎಣ್ಣೆಕೈ, ಮಸಿ, ಮಳೆಹನಿ, ಎಲ್ಲ ಅಂಗಿಯ ಪಾಲು. ಕಪಾಟಿಗೆ ಇಡುವಾಗ ಅಂಗಿ ಬಿಚ್ಚಿದರೆ ಪುಸ್ತಕ ಹೊಚ್ಚ ಹೊಸದು. ಒಂದು ಕಲೆ ಇಲ್ಲ, ಒಂದು ಮೂಲೆ ಮಡಚಿಲ್ಲ.

ಅಲ್ಲೇ ಎಡವಿದ್ದು.

ಪುಸ್ತಕದ ಹಿಂಬದಿಯ ಚೀಟಿಗೆ ಅಕ್ಕ ದಿನಾಂಕದ ಮುದ್ರೆ ಒತ್ತಲಿಲ್ಲ. ಒತ್ತಿದ್ದರೆ ಸಿಕ್ಕಿಬೀಳುತ್ತಿದ್ದರು. ಯಾರ ಹೆಸರನ್ನೂ ಬರೆದಿಡಲಿಲ್ಲ, ಎಲ್ಲ ತಲೆಯಲ್ಲೇ. ಇನ್ನು ನನ್ನ ಕೆಲಸ ಏನು? ತಿಂಗಳ ಕೊನೆಗೆ ಎಷ್ಟು ಪುಸ್ತಕ ಎರವಲು ಹೋಯಿತು ಅಂತ ಪಟ್ಟಿ ಬರೆಯುವುದು. ಆ ಕಿಟಕಿಯಿಂದ ನನ್ನ ಮೇಜಿಗೆ ನಾಲ್ಕೇ ಹೆಜ್ಜೆ. ಎಲ್ಲವನ್ನೂ ಕಣ್ಣಾರೆ ನೋಡುತ್ತಿದ್ದೆ. ನೋಡಿ, 'ಮಕ್ಕಳ ಹೊಸ ಪುಸ್ತಕ' ಅನ್ನುವ ಸಾಲಿನ ಮುಂದೆ ಸೊನ್ನೆ ಬರೆಯುತ್ತಿದ್ದೆ. ಮೂರು ವರ್ಷ. ತಿಂಗಳಿಗೊಂದು ಸೊನ್ನೆ, ಗುಂಡಗೆ. ಅಕ್ಕನನ್ನು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ.

ಮೂರು ತಿಂಗಳ ಹಿಂದೆ ಸಭೆ ಕರೆದರು. ಮೂರು ವರ್ಷದಲ್ಲಿ ಒಬ್ಬರೂ ಒಯ್ಯದ ಪುಸ್ತಕ ಉಗ್ರಾಣಕ್ಕೆ ಹೋಗಬೇಕು ಅಂತ ನಿಯಮ ಇದೆಯಂತೆ. ಮಕ್ಕಳಿಗೆ ಓದುವ ಆಸೆಯೇ ಇಲ್ಲ, ಮಕ್ಕಳ ಈ ಕೋಣೆ ಮುಚ್ಚಿ ಸಭಾಂಗಣ ಮಾಡೋಣ ಅಂತ ತೀರ್ಮಾನ. ಅಕ್ಕ ಎದ್ದು ನಿಂತರು. "ಓದಿದ್ದಾರೆ ಸಾರ್. ನಲವತ್ತೆರಡನ್ನೂ ಓದಿದ್ದಾರೆ. ನಾನೇ ಕೊಟ್ಟಿದ್ದೀನಿ. ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ, ಕೋಣೆ ಮುಚ್ಚಬೇಡಿ" ಅಂದರು. "ದಾಖಲೆ ಎಲ್ಲಿದೆ?" ಅಂದರು ಮುಖ್ಯಸ್ಥರು. ಅಕ್ಕ ನನ್ನ ಕಡೆ ತಿರುಗಿ, "ಇವನು ನೋಡಿದ್ದಾನೆ, ಕೇಳಿ" ಅಂದರು. "ಏನ್ರೀ, ನೋಡಿದ್ದೀರಾ?" ಅಂತ ಮುಖ್ಯಸ್ಥರು ನನ್ನನ್ನು ಕೇಳಿದರು.

ನಾನು ಏನು ಹೇಳಿದೆ ಗೊತ್ತೇ? "ದಾಖಲೆಯಲ್ಲಿ ಏನೂ ಇಲ್ಲ ಸಾರ್."

ಸುಳ್ಳಲ್ಲ. ದಾಖಲೆಯಲ್ಲಿ ಇರಲಿಲ್ಲ. ಆ ವಾರ ನನ್ನ ಬಡ್ತಿಯ ಕಡತ ಮುಖ್ಯಸ್ಥರ ಮೇಜಿನ ಮೇಲಿತ್ತು. ಬಡ್ತಿ ಸಿಕ್ಕಿತು. ಕೈ ಇರುವ ಕುರ್ಚಿಯೂ ಸಿಕ್ಕಿತು.

ಆಮೇಲೆ ಹನ್ನೊಂದು ವಾರ ಅಕ್ಕ ನನ್ನ ಹತ್ತಿರ ಮಾತಾಡಲಿಲ್ಲ. ದಿನಾ ನನ್ನ ಮೇಜಿನ ಮುಂದೆಯೇ ಹೋಗುತ್ತಿದ್ದರು, ಅಲ್ಲಿ ಯಾರೂ ಕೂತೇ ಇಲ್ಲವೇನೋ ಅನ್ನುವ ಹಾಗೆ. ಹೋದ ವಾರ ಅವರ ಹೃದಯ ನಿಂತಿತು. ಕೋಣೆ ಹೋಗುತ್ತಲ್ಲ ಅಂತ ನೊಂದು ಸತ್ತರು ಅಂತ ಇಲ್ಲಿ ಯಾರೋ ಹೇಳಿದಿರಿ. ಹಾಗೆ ಹೇಳಬೇಡಿ. ಅವರಿಗೆ ಮೊದಲಿಂದಲೂ ಎದೆಯ ಕಾಯಿಲೆ ಇತ್ತು. ನೋವಿಗಿಂತ ಹೆಚ್ಚಾಗಿ ಅವರಿಗೆ ಕೋಪ ಇತ್ತು. ಆ ಕೋಪ ನನ್ನ ಮೇಲಿತ್ತು. ಅದನ್ನು ಹೊತ್ತುಕೊಂಡೇ ಹೋದರು.

ನಿನ್ನೆ ಮಧ್ಯಾಹ್ನ ಆ ಕಿಟಕಿಯನ್ನು ಯಾರೋ ಬಡಿದರು. ಒಬ್ಬಳು ಪುಟ್ಟ ಹುಡುಗಿ. "ಅಕ್ಕ ಇಲ್ವಾ? ನಂಗೆ ಜ್ವರ ಬಂದಿತ್ತು, ಆಮೇಲೆ ಬಂದಾಗೆಲ್ಲ ಕಿಟಕಿ ಮುಚ್ಚಿತ್ತು. ಪುಸ್ತಕ ಯಾರಿಗೆ ಕೊಡ್ಲಿ?" ಅಂದಳು. ಅವಳಿಗೆ ವಿಷಯ ಗೊತ್ತಿರಲಿಲ್ಲ. ಹೇಳಿದೆ. ಅವಳು ಅಳುತ್ತಾ ಕೇಳಿದಳು — "ಹಾಗಾದ್ರೆ ಇನ್ಮೇಲೆ ಕೊಡಲ್ವಾ?"

ಇದೇ ಆ ಪುಸ್ತಕ. ನೀಲಿ ಚೌಕಳಿಯ ಅಂಗಿ ತೊಟ್ಟಿದೆ. ಸಾರ್, ಸಭೆಯ ದಿನದಿಂದ ಬೀಗದ ಕೈ ನಿಮ್ಮ ಜೇಬಿನಲ್ಲೇ ಇದೆ. ಕಪಾಟಿನಲ್ಲಿ ಒಂದು ಪುಸ್ತಕ ಕಡಿಮೆ ಇದೆ ಅಂತ ಇವತ್ತಿನವರೆಗೂ ನೀವು ಗಮನಿಸಿಲ್ಲ. ನಿನ್ನೆ ನಾನು ಇದರ ಚೀಟಿಗೆ ಮುದ್ರೆ ಒತ್ತಿದೆ. ಹುಡುಗಿಯ ಹೆಸರು ಬರೆದೆ. ಕೆಳಗೆ ನನ್ನ ಸಹಿ ಇದೆ. ಇದನ್ನು ನಿಮ್ಮ ಮುಂದೆ ಇಡುತ್ತೇನೆ — ಇಗೋ.

ಬೀಗ ಹಾಕಿದ್ದು ನೀವು. ಯಾರೂ ಒಯ್ಯಲಿಲ್ಲ ಅಂದದ್ದೂ ನೀವು. ಸೊನ್ನೆ ಬರೆದದ್ದು ನಾನು. ಬರುವ ಒಂದನೇ ತಾರೀಕಿಗೆ ಈ ಕೋಣೆ ಮುಚ್ಚುತ್ತದೆ. ಇನ್ನೂ ಒಂಬತ್ತು ದಿನ ಇದೆ.

ನನ್ನ ಐದು ನಿಮಿಷ ಆಗಲೇ ಮುಗಿದಿದೆ. ಈಗ ಎದ್ದು ನಿಂತು ಮೌನ ಆಚರಿಸಬೇಕು. ದೊಡ್ಡವರು ಸ್ವಲ್ಪ ತಡೆಯಿರಿ. ಮೊದಲು ಆ ಕಿಟಕಿಯಲ್ಲಿ ಪುಸ್ತಕ ತೆಗೆದುಕೊಂಡವರು ಮಾತ್ರ ಏಳಲಿ. ಹೆದರಬೇಡಿ ಮಕ್ಕಳೇ, ಯಾರೂ ಬೈಯುವುದಿಲ್ಲ. ಬೈಸಿಕೊಳ್ಳಬೇಕಾದವನು ಇಲ್ಲಿ ನಿಂತಿದ್ದೇನೆ.

ಹಾಂ — ಏಳಮ್ಮ. ನಿನ್ನ ತಮ್ಮನನ್ನೂ ಎಬ್ಬಿಸು. ನೀನೂ. ನೀವಿಬ್ಬರೂ. ಆ ಬಾಗಿಲ ಹತ್ತಿರ — ಹೌದು, ಹೌದು, ಏಳಿ. ಇನ್ನೂ ಇದ್ದೀರಿ. ಇನ್ನೂ —

ಸಾರ್, ತಲೆ ಎತ್ತಿ ನೋಡಿ. ನಾನು ಬರೆದ ಸೊನ್ನೆ ಇದು.

ಈಗ ನಾವೂ ಏಳೋಣ. ಎಲ್ಲರೂ. ಯಾರೂ ಮಾತಾಡುವುದು ಬೇಡ, ಮಾತು ಬೇಕಾಗಿದ್ದಾಗ ನಾನು ಆಡಲಿಲ್ಲ. ಈ ಮಕ್ಕಳು ಕೂರುವ ತನಕ ನಾವು ಯಾರೂ ಕೂರುವುದು ಬೇಡ.